ಸೀರಿಯಲ್ ಸೆಟ್ಟು ಮತ್ತು ಬೀಗ ಮಾಡುವವನ ಮಗ

ಮಲ್ಟಿಮೀಟರಿನ ಮುಖದ ಮೇಲೆ ಕುದುರೆ ಲಾಳದ ಆಕಾರದ ಒಂದು ಗುರುತು ಇರುತ್ತದೆ. ಅದು ಗ್ರೀಕರ ಒಮೆಗಾ ಅಕ್ಷರ. ಹತ್ತನೇ ತರಗತಿಯಿಂದ ಅದನ್ನು ಉತ್ತರ ಪತ್ರಿಕೆಯಲ್ಲಿ ಬರೆಯುತ್ತಾ ಬಂದಿದ್ದೇನೆ. ಬರೆಯಲು ಮರೆತು ಅರ್ಧ ಅಂಕ ಕಳೆದುಕೊಂಡದ್ದೂ ಇದೆ. ಆದರೆ ಆ ಗುರುತಿನ ಹಿಂದೆ ಒಬ್ಬ ಮನುಷ್ಯ ಇದ್ದ, ಅವನಿಗೊಬ್ಬ ತಂದೆ ಇದ್ದ, ಆ ತಂದೆ ಸಿಟ್ಟಿನಿಂದ ಮಗನ ಓದು ಬಿಡಿಸಿದ್ದ ಎಂಬುದು ನನಗೆ ಗೊತ್ತಾದದ್ದು ಈ ವರ್ಷದ ಮೀಲಾದ್ ಸಮಯದಲ್ಲಿ, ನಾನೇ ಸುಟ್ಟುಹಾಕಿದ ಒಂದು ಸೀರಿಯಲ್ ಸೆಟ್ಟಿನ ಮುಂದೆ ಕುಳಿತಿದ್ದಾಗ.

ಮೊದಲು ನನ್ನ ವಿಷಯ ಹೇಳಿ ಮುಗಿಸುತ್ತೇನೆ. ಪ್ರಥಮ ಪಿಯುಸಿಯಲ್ಲಿ ಭೌತಶಾಸ್ತ್ರದಲ್ಲಿ ನಾನು ಪಾಸಾದದ್ದು ಅಂಚಿನಲ್ಲಿ. ಕಾರಣ ದೊಡ್ಡದೇನಲ್ಲ, ಕ್ರಿಕೆಟ್. ಉಪ್ಪ ದಮಾಮಿನಲ್ಲಿ ಎಲೆಕ್ಟ್ರಿಷಿಯನ್. ಅವರು ಫೋನಿನಲ್ಲಿ ನನ್ನನ್ನು ಬೈಯಲಿಲ್ಲ, ಉಮ್ಮನ ಹತ್ತಿರ ಹೇಳಿದರು. ಈ ವರ್ಷವೂ ಹೀಗೇ ಆದರೆ ಮುಂದೆ ಓದಿಸುವುದಿಲ್ಲ, ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಳ್ಳಲಿ ಎಂದು. ಅಲ್ಲಿಯವರೆಗೆ ಸಂಜೆ ಮತ್ತು ಭಾನುವಾರ ಮಾಮನ ಅಂಗಡಿಗೆ ಹೋಗಬೇಕು. ಮಾಮನದು ಶಾಮಿಯಾನ, ಮೈಕು, ಲೈಟಿಂಗ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆಗೆ, ಉರೂಸಿಗೆ, ಮೀಲಾದ್‌ಗೆ, ಊರಿನ ಇತರ ಹಬ್ಬಗಳಿಗೆಲ್ಲ ದೀಪದ ಮಾಲೆ ಅಲ್ಲಿಂದಲೇ ಹೋಗುತ್ತದೆ.

ಮಳೆಗಾಲ ಕಳೆದು ಗೋದಾಮಿನಿಂದ ತೆಗೆದ ಸೀರಿಯಲ್ ಸೆಟ್ಟುಗಳು ಹೇಗಿರುತ್ತವೆ ಎಂದು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ತಂತಿಗೆ ಹಸಿರು ಕಿಲುಬು, ಹೋಲ್ಡರಿನೊಳಗೆ ಇರುವೆ ಗೂಡು, ನಾಲ್ಕರಲ್ಲಿ ಒಂದು ಸೆಟ್ಟು ಉರಿಯುವುದೇ ಇಲ್ಲ. ನಾನು ಸುಟ್ಟದ್ದು ಹಳೆಯ ಕಾಲದ ತಂತು ಬಲ್ಬಿನ ಸೆಟ್ಟು. ಈಗ ಎಲ್ಲೆಡೆ ಎಲ್‌ಇಡಿ ಬಂದಿದ್ದರೂ ಆ ಹಳದಿ ಬೆಳಕೇ ಬೇಕು ಎಂದು ಕೇಳುವ ಕೆಲವರಿಗಾಗಿ ಮಾಮ ಅಂಥ ಹತ್ತು ಹದಿನೈದು ಸೆಟ್ಟು ಇಟ್ಟುಕೊಂಡಿದ್ದಾರೆ. ನಮ್ಮ ಮದ್ರಸದ ಗೇಟಿಗೆ ಹಾಕುವುದಕ್ಕೆ ಅದರಲ್ಲಿ ಒಂದನ್ನು ಸರಿ ಮಾಡು ಎಂದರು. ಒಂದು ಸಾಲಿನಲ್ಲಿ 40 ಬಲ್ಬು. ಸೀರಿಯಲ್ ಎಂದರೆ ಟಿ.ವಿ. ಧಾರಾವಾಹಿಯೇನೂ ಅಲ್ಲ, ಸೀರೀಸ್ ಎಂಬುದು ಜನರ ಬಾಯಲ್ಲಿ ಹಾಗಾಗಿದೆ, ನಮ್ಮ ಹೈಸ್ಕೂಲ್ ಪುಸ್ತಕದ ಸರಣಿ ಜೋಡಣೆ. ಒಂದೇ ದಾರಿ. ಒಂದು ಬಲ್ಬಿನಿಂದ ಹೊರಟ ಪ್ರವಾಹ ಮುಂದಿನ ಬಲ್ಬಿನೊಳಗೆ ಹೋಗಲೇಬೇಕು. ಒಂದರ ತಂತು ಕಡಿದರೆ 40 ಬಲ್ಬೂ ಕತ್ತಲೆ.

ನಾನು ಮಾಡಿದ ಕೆಲಸ ಇಷ್ಟು. ಒಂದೊಂದೇ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ, ತಂತು ಕಡಿದಂತೆ ಕಂಡದ್ದನ್ನು ಹೋಲ್ಡರ್ ಸಮೇತ ಕತ್ತರಿಸಿ ಎಸೆದೆ. ಎರಡು ತುದಿಯ ತಂತಿಯನ್ನು ತಿರುಚಿ ಟೇಪು ಸುತ್ತಿದೆ. ಹೀಗೆ ಒಂಬತ್ತು ಹೋಯಿತು, 31 ಉಳಿಯಿತು. ಪ್ಲಗ್ಗಿಗೆ ಹಾಕಿದಾಗ ಸೆಟ್ಟು ಬೆಳಗಿತು, ಬೇರೆಲ್ಲ ಸೆಟ್ಟಿಗಿಂತ ಪ್ರಕಾಶಮಾನವಾಗಿ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಫೋಟೋ ತೆಗೆದು ತಂಗಿಗೆ ಕಳಿಸಿದೆ.

ಮೀಲಾದ್‌ನ ಹಿಂದಿನ ರಾತ್ರಿ ಮಕ್ಕಳ ದಫ್ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಗೇಟಿನ ಮೇಲೆ ಒಂದು ಬಲ್ಬು ಪಕ್ಕನೆ ಬಿಳಿಯಾಗಿ ಮಿಂಚಿ ಇಡೀ ಕಮಾನು ಆರಿತು. ನಾನು ಏಣಿ ಹತ್ತಿ ಅದನ್ನು ಬದಲಿಸಿದೆ. ಹತ್ತು ನಿಮಿಷದಲ್ಲಿ ಇನ್ನೊಂದು. ಅದನ್ನೂ ಬದಲಿಸಿದೆ. ಮೂರನೆಯದು ಹೋದಾಗ ನನ್ನ ಕೈಯಲ್ಲಿ ಬೇರೆ ಬಲ್ಬು ಇರಲಿಲ್ಲ. ಚಿಕ್ಕ ಮಕ್ಕಳು ಕತ್ತಲೆ ಗೇಟಿನ ಕೆಳಗೇ ಸಾಲಾಗಿ ಒಳಗೆ ಹೋದರು. ಯಾರೂ ಏನೂ ಹೇಳಲಿಲ್ಲ, ಅದೇ ಕಷ್ಟ.

ಮರುದಿನ ಮಾಮ ನನಗೆ ಬೈಯುತ್ತಾರೆಂದುಕೊಂಡಿದ್ದೆ. ಅವರು ಸೆಟ್ಟನ್ನು ಮೇಜಿನ ಮೇಲೆ ಹರಡಿ ಬಲ್ಬು ಎಣಿಸಿದರು. 230ನ್ನು 40ರಿಂದ ಭಾಗಿಸು ಎಂದರು. 5.75 ಬಂತು. 31ರಿಂದ ಭಾಗಿಸು ಎಂದರು. 7.4 ಬಂತು. ಮನೆಗೆ ಬರುವ 230 ವೋಲ್ಟನ್ನು 40 ಜನ ಹಂಚಿಕೊಳ್ಳಬೇಕಾದಲ್ಲಿ 31 ಜನರ ತಲೆಗೆ ಹೊರಿಸಿದ್ದೆ. ಒಂದೊಂದು ಬಲ್ಬೂ ತನ್ನ ಶಕ್ತಿಗಿಂತ ಸುಮಾರು ಒಂದೂವರೆ ಪಟ್ಟು ಉರಿಯುತ್ತಿತ್ತು. ನಾನು ಹೆಮ್ಮೆಪಟ್ಟ ಆ ಬೆಳಕು ಅವು ಸಾಯುತ್ತಿದ್ದ ಬೆಳಕು. ಇದಕ್ಕೆ ಬೇಕಾದ ಲೆಕ್ಕವನ್ನು ನಾನು ಎಸ್ಸೆಸ್ಸೆಲ್ಸಿಯಲ್ಲೇ ಕಲಿತಿದ್ದೆ, ಜೂನ್‌ನಲ್ಲಿ ಇನ್ನೊಮ್ಮೆ ಕಲಿತಿದ್ದೆ. ಮಾಮ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ.

ಆಮೇಲೆ ಅವರು ತಮ್ಮ ಮಲ್ಟಿಮೀಟರನ್ನು ನನ್ನ ಮುಂದೆ ಇಟ್ಟು, ಅದರ ಗುಂಡಿಯನ್ನು ಆ ಲಾಳದ ಗುರುತಿಗೆ ತಿರುಗಿಸಿ, ಸೆಟ್ಟು ಸರಿಯಾಗುವವರೆಗೆ ಬೇರೆ ಕೆಲಸಕ್ಕೆ ಬರಬೇಡ ಎಂದು ಹೋದರು. ಆ ವಾರ ನಾನು ಲೈಬ್ರರಿಯಿಂದ ಓಮ್‌ನ ಬಗ್ಗೆ ಸಿಕ್ಕಿದ್ದನ್ನೆಲ್ಲ ತಂದು ಓದಿದೆ. ಹಗಲು ಓದು, ಸಂಜೆ ಬಲ್ಬು. ಆದ್ದರಿಂದ ನನ್ನ ತಲೆಯಲ್ಲಿ ಎರಡೂ ಬೆರೆತುಹೋಗಿವೆ. ಬೇರ್ಪಡಿಸಿ ಬರೆಯಲು ನನಗೆ ಬರುವುದಿಲ್ಲ.

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಬವೇರಿಯಾ ಸೀಮೆಯ ಎರ್ಲಾಂಗೆನ್ ಎಂಬ ಊರಿನಲ್ಲಿ. ತಂದೆ ಯೋಹಾನ್ ವೋಲ್ಫ್‌ಗಾಂಗ್ ಓಮ್ ಬೀಗ ಮಾಡುವ ಕಸುಬಿನವನು. ತಾಯಿ ದರ್ಜಿಯ ಮಗಳು. ಹುಟ್ಟಿದ ಏಳು ಮಕ್ಕಳಲ್ಲಿ ಉಳಿದದ್ದು ಮೂರು: ಜಾರ್ಜ್, ತಮ್ಮ ಮಾರ್ಟಿನ್, ತಂಗಿ ಎಲಿಜಬೆತ್. ಜಾರ್ಜ್‌ಗೆ ಹತ್ತು ವರ್ಷವಾದಾಗ ತಾಯಿಯೂ ತೀರಿಕೊಂಡಳು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡವನಾಗಿ ಕಾಣುವುದು ಆ ತಂದೆಯೇ. ಅವನು ಯಾವ ವಿಶ್ವವಿದ್ಯಾಲಯಕ್ಕೂ ಹೋದವನಲ್ಲ. ಆದರೆ ಬೀಗದ ಕೆಲಸ ಮುಗಿದ ಮೇಲೆ ತಾನೇ ಪುಸ್ತಕ ಓದಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ತತ್ವಶಾಸ್ತ್ರಗಳನ್ನು ಕಲಿತಿದ್ದ. ಮಕ್ಕಳಿಗೆ ಮನೆಯಲ್ಲಿ ತಾನೇ ಕಲಿಸುವಷ್ಟು ಕಲಿತಿದ್ದ. ಶಾಲೆಯಲ್ಲಿ ಸಿಗದ ವಿಜ್ಞಾನ ಮಕ್ಕಳಿಗೆ ಮನೆಯಲ್ಲಿ ಸಿಕ್ಕಿತು. ಹುಡುಗನಿಗೆ ಹದಿನೈದು ವರ್ಷವಾದಾಗ ಎರ್ಲಾಂಗೆನ್‌ನ ಗಣಿತ ಪ್ರಾಧ್ಯಾಪಕ ಲಾಂಗ್ಸ್‌ಡಾರ್ಫ್ ಅವನನ್ನು ಪರೀಕ್ಷಿಸಿ ನೋಡಿದ. ನೋಡಿ ಬೆರಗಾಗಿ ಆ ಬೀಗದವನ ಮನೆಯನ್ನು ಬೆರ್ನೂಲಿ ಮನೆತನಕ್ಕೆ ಹೋಲಿಸಿದನಂತೆ. ಪ್ರಥಮ ಪಿಯುಸಿಯಲ್ಲಿ ದ್ರವಗಳ ಪಾಠದಲ್ಲಿ ಬರುವ ಬೆರ್ನೂಲಿ ಆ ಮನೆತನದವನೇ. ಮಾರ್ಟಿನ್ ಮುಂದೆ ಗಣಿತಜ್ಞನಾದ.

1805ರಲ್ಲಿ ಜಾರ್ಜ್ ಎರ್ಲಾಂಗೆನ್ ವಿಶ್ವವಿದ್ಯಾಲಯ ಸೇರಿದ. ಸೇರಿದ ಮೇಲೆ ಏನು ಮಾಡಿದ ಎಂದರೆ ಕುಣಿತ, ಮಂಜಿನ ಮೇಲೆ ಜಾರುವ ಆಟ ಮತ್ತು ಬಿಲಿಯರ್ಡ್ಸ್. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತಾನು ಪಡೆಯಲಾಗದ ಅವಕಾಶವನ್ನು ಮಗ ಹಾಳು ಮಾಡುತ್ತಿದ್ದಾನೆಂದು ತಂದೆಗೆ ಸಿಟ್ಟು ಬಂತು. ಮೂರು ಸೆಮಿಸ್ಟರ್ ಮುಗಿಯುವಾಗ ಓದು ಬಿಡಿಸಿ ಮಗನನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿದ. 1806ರ ಸೆಪ್ಟೆಂಬರ್‌ನಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಓಮ್ ಗಾಟ್‌ಸ್ಟಾಟ್ ಎಂಬ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರಾದ. ಅಲ್ಲಿಂದ 1809ರಲ್ಲಿ ನ್ಯೂಶಾಟೆಲ್‌ಗೆ ಹೋಗಿ ಮನೆಪಾಠ ಹೇಳಿಕೊಂಡಿದ್ದ. ಈ ವರ್ಷಗಳಲ್ಲಿ ಅವನು ಲಾಂಗ್ಸ್‌ಡಾರ್ಫ್‌ನ ಸಲಹೆಯಂತೆ ಆಯ್ಲರ್, ಲಪ್ಲಾಸ್, ಲಕ್ರುವಾ ಇವರ ಗ್ರಂಥಗಳನ್ನು ಒಬ್ಬನೇ ಕುಳಿತು ಓದಿದ. 1811ರಲ್ಲಿ ಎರ್ಲಾಂಗೆನ್‌ಗೆ ಮರಳಿ ಅದೇ ವರ್ಷ ಅಕ್ಟೋಬರ್ 25ರಂದು ಡಾಕ್ಟರೇಟ್ ಪಡೆದ. ಊರು ಬಿಡಿಸಿದ್ದು ಒಳ್ಳೆಯದಾಯಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ಅವನ ಜಾಗದಲ್ಲಿ ಇನ್ನೊಬ್ಬನಿದ್ದರೆ ಅಲ್ಲೇ ಮೇಷ್ಟ್ರಾಗಿ ಉಳಿದುಬಿಡುತ್ತಿದ್ದ.

ಡಾಕ್ಟರೇಟ್ ಸಿಕ್ಕಿದರೂ ಹೊಟ್ಟೆ ತುಂಬುವ ಕೆಲಸ ಸಿಗಲಿಲ್ಲ. ಮೂರು ಸೆಮಿಸ್ಟರ್ ಎರ್ಲಾಂಗೆನ್‌ನಲ್ಲೇ ಪಾಠ ಮಾಡಿ, ಸಂಪಾದನೆ ಸಾಲದೆ ಬಿಟ್ಟ. 1813ರಲ್ಲಿ ಬಾಂಬೆರ್ಗ್‌ನ ಒಂದು ಸಣ್ಣ ಶಾಲೆ. 1816ರಲ್ಲಿ ಆ ಶಾಲೆಯೇ ಮುಚ್ಚಿಹೋಯಿತು. ಬೇಸರದಲ್ಲಿ ರೇಖಾಗಣಿತದ ಒಂದು ಪಠ್ಯಪುಸ್ತಕ ಬರೆದು ಅದರ ಹಸ್ತಪ್ರತಿಯನ್ನು ಪ್ರಷ್ಯದ ದೊರೆಗೆ ಕಳಿಸಿದ. ಅದರಿಂದ 1817ರಲ್ಲಿ ಕಲೋನ್ ನಗರದ ಜೆಸ್ವಿಟ್ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಅಲ್ಲಿ ಒಂದು ಒಳ್ಳೆಯ ಪ್ರಯೋಗಾಲಯವಿತ್ತು. ಬೀಗದವನ ಮಗನಿಗೆ ಕೈಕೆಲಸ ಗೊತ್ತಿತ್ತು, ಬೇಕಾದ ಉಪಕರಣವನ್ನು ತಾನೇ ಮಾಡಿಕೊಳ್ಳುತ್ತಿದ್ದ.

ಅವನಿಗೆ ಗೊತ್ತಾಗಬೇಕಿದ್ದ ಸಂಗತಿ ಕೇಳುವುದಕ್ಕೆ ಬಹಳ ಸರಳ. ತಂತಿ ಉದ್ದವಾದಷ್ಟೂ ಅದರಲ್ಲಿ ಹರಿಯುವ ವಿದ್ಯುತ್ತು ಕಡಿಮೆಯಾಗುತ್ತದೆ, ಎಷ್ಟಕ್ಕೆ ಎಷ್ಟು? ಆಗ ಅಮ್ಮೀಟರೂ ಇಲ್ಲ, ವೋಲ್ಟ್‌ಮೀಟರೂ ಇಲ್ಲ. ವೋಲ್ಟ್, ಆಂಪಿಯರ್ ಎಂಬ ಮಾನಗಳೇ ಇಲ್ಲ. ತಂತಿಯ ಹತ್ತಿರ ದಾರಕ್ಕೆ ತೂಗುಬಿಟ್ಟ ಅಯಸ್ಕಾಂತದ ಸೂಜಿ, ಪ್ರವಾಹ ಹರಿದಾಗ ಅದು ತಿರುಗುತ್ತದೆ. ಅದನ್ನು ಮತ್ತೆ ಮೊದಲಿನ ಜಾಗಕ್ಕೆ ತರಲು ದಾರವನ್ನು ಎಷ್ಟು ತಿರುಚಬೇಕು ಎಂದು ನೋಡಿ ಪ್ರವಾಹವನ್ನು ಅಳೆಯಬೇಕು. ಅವನ ದೊಡ್ಡ ತಲೆನೋವು ಬ್ಯಾಟರಿ. ಆಗಿನ ವೋಲ್ಟಾ ಮಾದರಿಯ ಬ್ಯಾಟರಿ ಜೋಡಿಸಿದ ಕೂಡಲೇ ಜೋರಾಗಿ ಕೊಟ್ಟು ಮರುಕ್ಷಣವೇ ಇಳಿಯುತ್ತಿತ್ತು. ಸೂಜಿ ತಿರುಗಿದ್ದು ತಂತಿಯ ಕಾರಣಕ್ಕೋ ಬ್ಯಾಟರಿಯ ಕಾರಣಕ್ಕೋ ತಿಳಿಯುವುದು ಹೇಗೆ?

1825ರಲ್ಲಿ ಓಮ್ ತನ್ನ ಮೊದಲ ಲೇಖನ ಪ್ರಕಟಿಸಿದ, ಲಾಗರಿದಮ್ ಇರುವ ಒಂದು ಸೂತ್ರದೊಂದಿಗೆ. ಅದು ತಪ್ಪು. ನಮ್ಮ ಪಠ್ಯಪುಸ್ತಕದಲ್ಲಿ ಈ ಸಂಗತಿ ಇಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವನು ತಪ್ಪನ್ನು ಬೇಗನೇ ಕಂಡುಕೊಂಡು ಮತ್ತೆ ಅಳತೆಗೆ ಕುಳಿತ. ಆಗ ಪೊಗ್ಗೆಂಡಾರ್ಫ್ ಎಂಬ ಪತ್ರಿಕಾ ಸಂಪಾದಕ ಒಂದು ಸಲಹೆ ಕೊಟ್ಟ. ಬ್ಯಾಟರಿ ಬಿಟ್ಟು ಉಷ್ಣಯುಗ್ಮ ಬಳಸು ಎಂದು. ಎರಡು ಲೋಹಗಳ ಎರಡು ಬೆಸುಗೆಗಳಲ್ಲಿ ಒಂದನ್ನು ಬಿಸಿಯಾಗಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ವಿದ್ಯುತ್ತು ಹರಿಯುತ್ತದೆಂದು ಸೀಬೆಕ್ ಕೆಲವೇ ವರ್ಷ ಹಿಂದೆ ಕಂಡಿದ್ದ. ಓಮ್ ತಾಮ್ರ ಮತ್ತು ಬಿಸ್ಮತ್ ಜೋಡಿಸಿದ. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಕರಗುವ ಮಂಜಿನಲ್ಲಿ. ನೀರು ಕುದಿಯುವಷ್ಟು ಹೊತ್ತು, ಮಂಜು ಕರಗುವಷ್ಟು ಹೊತ್ತು ಉಷ್ಣತೆ ಬದಲಾಗುವುದಿಲ್ಲ. ಆದ್ದರಿಂದ ವಿದ್ಯುತ್ತಿನ ಬಲವೂ ಬದಲಾಗುವುದಿಲ್ಲ.

ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಕತ್ತರಿಸಿಕೊಂಡ. ಉದ್ದ 2, 4, 6, 10, 18, 34, 66 ಮತ್ತು 130 ಅಂಗುಲ. ಒಂದೊಂದನ್ನೇ ಜೋಡಿಸಿ 1826ರ ಜನವರಿಯಲ್ಲಿ ಅಳತೆ ತೆಗೆದ. ಎರಡು ಅಂಗುಲದ ತಂತಿಗೆ ತಿರುಚಿನ ಅಳತೆ ಸುಮಾರು 326 ಬಂತು. 130 ಅಂಗುಲದ್ದಕ್ಕೆ ಸುಮಾರು 48. ತಂತಿ 65 ಪಟ್ಟು ಉದ್ದವಾಗಿದೆ, ಪ್ರವಾಹ 65 ಪಟ್ಟು ಕಡಿಮೆಯಾಗಿಲ್ಲ, ಏಳು ಪಟ್ಟೂ ಆಗಿಲ್ಲ. ಅಂದರೆ ಲೆಕ್ಕಕ್ಕೆ ಬಾರದ ಏನೋ ಒಂದು ಮಂಡಲದಲ್ಲಿ ಕುಳಿತಿದೆ. ಓಮ್‌ಗೆ ಅದು ಹೊಳೆಯಿತು: ಹೊರಗಿನ ತಂತಿಯಷ್ಟೇ ಅಲ್ಲ, ಉಷ್ಣಯುಗ್ಮವೂ ಉಳಿದ ಜೋಡಣೆಯೂ ವಿದ್ಯುತ್ತನ್ನು ತಡೆಯುತ್ತವೆ. ಅವುಗಳ ತಡೆ ಸುಮಾರು ಇಪ್ಪತ್ತು ಅಂಗುಲ ತಂತಿಗೆ ಸಮ ಎಂದು ಪ್ರತಿಯೊಂದು ಉದ್ದಕ್ಕೂ ಕೂಡಿಸಿ ಭಾಗಿಸಿದರೆ ಎಂಟೂ ಅಳತೆ ಸಾಲಾಗಿ ಕೂರುತ್ತವೆ. ನಂಬಿಕೆ ಇಲ್ಲದವರು ಲೆಕ್ಕ ಮಾಡಿ ನೋಡಿ. 7285ನ್ನು ಮೊದಲು 22.25ರಿಂದ, ಆಮೇಲೆ 150.25ರಿಂದ ಭಾಗಿಸಿ. ನಾನು ರಾತ್ರಿ ಹನ್ನೊಂದಕ್ಕೆ ಮಾಡಿ ನೋಡಿ ಉಮ್ಮನನ್ನು ಎಬ್ಬಿಸಿದ್ದೆ. ಅವರಿಗೆ ಯಾರದ್ದೋ ಫೋನ್ ಬಂತೆಂದು ಗಾಬರಿಯಾಯಿತು.

ಬಲ ಹೆಚ್ಚಾದರೆ ಪ್ರವಾಹ ಹೆಚ್ಚು, ಒಟ್ಟು ತಡೆ ಹೆಚ್ಚಾದರೆ ಪ್ರವಾಹ ಕಡಿಮೆ. ಇಷ್ಟೇ ಆ ನಿಯಮ. ಇದನ್ನು ಅವನಿಗಿಂತ ಮೊದಲೇ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಕಂಡುಕೊಂಡಿದ್ದ. ಆದರೆ ಬರೆದು ತನ್ನಲ್ಲೇ ಇಟ್ಟುಕೊಂಡಿದ್ದ. ಆ ಕಾಗದಗಳನ್ನು ಮ್ಯಾಕ್ಸ್‌ವೆಲ್ ಪ್ರಕಟಿಸಿದ್ದು 1879ರಲ್ಲಿ.

ಈಗ ನನ್ನ ಮೇಜಿಗೆ ಬರುತ್ತೇನೆ. ಸೆಟ್ಟಿನ ಪ್ಲಗ್ಗು ಕಿತ್ತು ಕೈಯಲ್ಲೇ ಇಟ್ಟುಕೊಂಡಿದ್ದೆ, ಯಾರೂ ಗೋಡೆಗೆ ಹಾಕದಂತೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸಾಲು ಆರಿಹೋಗಿದೆ, ಒಂದೊಂದು ಬಲ್ಬಿಗೆ ಆರು ವೋಲ್ಟು ಕೂಡ ಇಲ್ಲ, ಮುಟ್ಟಿದರೆ ಏನಾಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಓಮ್‌ನ ನಿಯಮ ಬೇರೆ ಹೇಳುತ್ತದೆ. ಪ್ರವಾಹ ಹರಿಯದಿದ್ದರೆ ಉಳಿದ ಬಲ್ಬುಗಳಲ್ಲಿ ಒಂದು ವೋಲ್ಟೂ ಇಳಿಯುವುದಿಲ್ಲ. ಇಡೀ 230 ವೋಲ್ಟು ತಂತು ಕಡಿದ ಆ ಒಂದು ಹೋಲ್ಡರಿನ ಎರಡು ತುದಿಗಳ ನಡುವೆ ನಿಂತಿರುತ್ತದೆ. ಆ ರಾತ್ರಿ ಏಣಿಯ ಮೇಲೆ ನಿಂತು ನಾನು ಬೆರಳು ಹಾಕಿದ್ದು ಅಲ್ಲಿಗೇ. ಸ್ವಿಚ್ ಆರಿಸಿದ್ದೆನೋ ಇಲ್ಲವೋ ಈಗಲೂ ನೆನಪಿಲ್ಲ.

ಕಡಿದ ಜಾಗ ಹುಡುಕುವ ವಿಧಾನವನ್ನು ಮಾಮ ತೋರಿಸಿದರು. ಒಂದರಿಂದ 40ರವರೆಗೆ ಸಾಲಾಗಿ ನೋಡಬಾರದು. ಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ಪಿನ್ನಿಗೆ, ಇನ್ನೊಂದನ್ನು ಸಾಲಿನ ನಡುವಿನ ಹೋಲ್ಡರಿಗೆ ಇಡಬೇಕು. ಮೀಟರು ರೋಧ ತೋರಿಸಿದರೆ ಆ ಅರ್ಧ ಸರಿ ಇದೆ, ಕಡಿತ ಇರುವುದು ಇನ್ನೊಂದು ಅರ್ಧದಲ್ಲಿ. ಏನೂ ತೋರಿಸದಿದ್ದರೆ ಈ ಅರ್ಧದಲ್ಲೇ ಇದೆ. ಆ ಇಪ್ಪತ್ತನ್ನು ಮತ್ತೆ ಎರಡು ಮಾಡು, ಹತ್ತನ್ನು ಐದು ಮಾಡು. 40 ಬಲ್ಬಿನಲ್ಲಿ ಒಂದು ಕಡಿತ ಸಿಗಲು ಆರು ಸಲಕ್ಕಿಂತ ಹೆಚ್ಚು ಮುಟ್ಟಬೇಕಾಗಿಲ್ಲ. ಒಂದು ಸಿಕ್ಕಿತೆಂದು ಸಂತೋಷಪಟ್ಟರೆ ಇನ್ನೊಂದು ಇರುತ್ತದೆ. ನನ್ನ ಸೆಟ್ಟಿನಲ್ಲಿ ಮೂರು ಸುಟ್ಟ ಬಲ್ಬು ಅಲ್ಲದೆ ನಾನೇ ತಿರುಚಿದ ಟೇಪಿನೊಳಗೆ ಒಂದು ಸಡಿಲು ಜೋಡಣೆಯೂ ಇತ್ತು. ಒಂಬತ್ತು ಜೋಡಣೆಯನ್ನೂ ಬಿಚ್ಚಿ ಗುಜರಿಗೆ ಹಾಕಿದ್ದ ಹಳೆಯ ಸೆಟ್ಟುಗಳಿಂದ ಹೋಲ್ಡರ್ ಕಿತ್ತು ಬೆಸುಗೆ ಹಾಕಿದೆ.

ಬಲ್ಬು ಆರಿಸುವಾಗಲೂ ಮೀಟರು ಬೇಕಾಯಿತು. ಹೊರಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಕೆಲವು 8 ಓಮ್ ಆಸುಪಾಸು ತೋರಿಸಿದವು, ಕೆಲವು 20ರ ಹತ್ತಿರ. ಒಂದೇ ಸಾಲಿನಲ್ಲಿ ಎಲ್ಲಕ್ಕೂ ಪ್ರವಾಹ ಒಂದೇ. ರೋಧ ಹೆಚ್ಚಿರುವ ಬಲ್ಬು ವೋಲ್ಟೇಜಿನಲ್ಲಿ ಹೆಚ್ಚಿನ ಪಾಲು ಕಿತ್ತುಕೊಂಡು ಮೊದಲು ಸುಡುತ್ತದೆ. ಆದ್ದರಿಂದ 20ರವನ್ನು ಬೇರೆ ಇಟ್ಟೆ.

ಇಲ್ಲಿ ಒಂದು ಗೊಂದಲ ಬಂತು. 40 ಬಲ್ಬಿಗೆ ಎಂಟೆಂಟು ಓಮ್ ಎಂದರೆ 320. 230 ವೋಲ್ಟಿಗೆ ಮುಕ್ಕಾಲು ಆಂಪಿಯರಿನ ಹತ್ತಿರ ಹರಿಯಬೇಕು. ಆದರೆ ಮಾಮ ಉರಿಯುವ ಇನ್ನೊಂದು ಸೆಟ್ಟಿಗೆ ಮೀಟರು ಜೋಡಿಸಿ ತೋರಿಸಿದ್ದು 0.08 ಆಂಪಿಯರು ಮಾತ್ರ. ಹಾಗಾದರೆ ಉರಿಯುವಾಗ ಒಂದೊಂದು ಬಲ್ಬಿನ ರೋಧ ಸುಮಾರು 72 ಓಮ್, ತಣ್ಣಗಿದ್ದಾಗಿನ ಒಂಬತ್ತು ಪಟ್ಟು. ತಂತು ಕಾದಂತೆ ಅದರ ರೋಧ ಏರುತ್ತದೆ. ಉಷ್ಣತೆ ಬದಲಾಗದಿದ್ದರೆ ಎಂದು ನಿಯಮದ ಜೊತೆಗೆ ಒಂದು ಮಾತು ಬರುತ್ತದಲ್ಲ, ನಾವೆಲ್ಲ ಪರೀಕ್ಷೆಯಲ್ಲಿ ಅದನ್ನೇ ಬಿಟ್ಟುಬರುತ್ತೇವೆ. ಓಮ್ ಕುದಿಯುವ ನೀರು, ಕರಗುವ ಮಂಜು ಎಂದು ಅಷ್ಟು ಹಟ ಹಿಡಿದದ್ದರ ಬೆಲೆ ನನಗೆ ಗೊತ್ತಾದದ್ದು ಆಗ. ಎಲ್‌ಇಡಿ ಮಾಲೆಯ ರಿಪೇರಿ ಬೇರೆಯೇ; ಎಲ್‌ಇಡಿ ಓಮ್‌ನ ನಿಯಮಕ್ಕೆ ಬಗ್ಗುವುದಿಲ್ಲ, ಧನ ಋಣ ತುದಿ ನೋಡಿ ಜೋಡಿಸಬೇಕು. ಅದನ್ನು ಕಲಿತ ಮೇಲೆ ಬರೆಯುತ್ತೇನೆ.

ಓಮ್‌ಗೆ ಕಲೋನ್‌ನ ಶಾಲೆಯವರು 1826ರಲ್ಲಿ ಒಂದು ವರ್ಷ ರಜೆ ಕೊಟ್ಟರು, ಅರ್ಧ ಸಂಬಳದಲ್ಲಿ. ಅವನು ಬರ್ಲಿನ್‌ಗೆ ಹೋಗಿ ತಮ್ಮನ ಜೊತೆ ಇದ್ದುಕೊಂಡು ಪುಸ್ತಕ ಬರೆದ. 1827ರಲ್ಲಿ ಅದು ಅಚ್ಚಾಯಿತು. ವಿದ್ಯುನ್ಮಂಡಲವನ್ನು ಗಣಿತದ ಮೂಲಕ ವಿವರಿಸುವ ಪುಸ್ತಕ. ಇದರಿಂದ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗುತ್ತೇನೆಂದು ಅವನು ಕಾದಿದ್ದ. ಆಗಲಿಲ್ಲ. ಅಲ್ಲಿನ ಅನೇಕ ಭೌತವಿಜ್ಞಾನಿಗಳಿಗೆ ಅಷ್ಟೊಂದು ಗಣಿತ ರುಚಿಸಲಿಲ್ಲ. ಪೋಲ್ ಎಂಬಾತ ಕಟುವಾದ ವಿಮರ್ಶೆ ಬರೆದ. ಇಡೀ ಜರ್ಮನಿ ಅವನನ್ನು ಗೇಲಿ ಮಾಡಿತು ಎಂದು ಕೆಲವು ಕಡೆ ಓದಿದೆ. ಅದು ಹೆಚ್ಚಾಯಿತು ಎಂದು ನನಗನ್ನಿಸುತ್ತದೆ. ಫೆಕ್ನರ್ ಎಂಬವನು ತಾನೇ ಪ್ರಯೋಗ ಮಾಡಿ 1831ರಲ್ಲಿ ಓಮ್ ಹೇಳಿದ್ದು ಸರಿ ಎಂದು ತೋರಿಸಿದ್ದ. ಆದರೆ ಕೆಲಸ ಕೊಡುವವರು ಫೆಕ್ನರ್‌ನನ್ನು ಓದುವುದಿಲ್ಲ. 1828ರಲ್ಲಿ ಓಮ್ ಕಲೋನ್‌ನ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಮುಂದೆ ಐದು ವರ್ಷ ಬರ್ಲಿನ್‌ನಲ್ಲಿ ಸೈನಿಕ ಶಾಲೆಯಲ್ಲಿ ವಾರಕ್ಕೆ ಕೆಲವು ತಾಸು ಗಣಿತ ಹೇಳಿ ದಿನ ದೂಡಿದ. ಜಗತ್ತಿನ ಎಲ್ಲ ಕಾಲೇಜುಗಳಲ್ಲೂ ಕಲಿಸುವ ನಿಯಮವನ್ನು ಬರೆದು ಮುಗಿಸಿದ್ದ ಮನುಷ್ಯ ಆಗ ನಲವತ್ತು ದಾಟಿದ್ದ.

1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕನಾದ. ಹೆಸರು ಬಂದದ್ದು ಹೊರಗಿನಿಂದ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕೋಪ್ಲೆ ಪದಕ ಕೊಟ್ಟಿತು, ಮರುವರ್ಷ ವಿದೇಶೀ ಸದಸ್ಯನನ್ನಾಗಿ ಮಾಡಿಕೊಂಡಿತು. 1843ರಲ್ಲಿ ವೀಟ್‌ಸ್ಟನ್ ರೋಧ ಅಳೆಯುವ ವಿಧಾನಗಳನ್ನು ವಿವರಿಸಿದ್ದು ಓಮ್‌ನ ನಿಯಮದ ಮೇಲೆಯೇ. ನಮ್ಮ ಲ್ಯಾಬಿನ ಮೀಟರ್ ಬ್ರಿಜ್ ಅದರ ಮಗು. 1845ರಲ್ಲಿ ಕಿರ್ಕಾಫ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಅದನ್ನು ಕವಲೊಡೆದ ಮಂಡಲಗಳಿಗೆ ವಿಸ್ತರಿಸಿದ. 1849ರಲ್ಲಿ ಓಮ್ ಮ್ಯೂನಿಕ್‌ಗೆ ಬಂದ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪೂರ್ಣ ಪ್ರಾಧ್ಯಾಪಕನಾದದ್ದು 1852ರಲ್ಲಿ, 63ನೇ ವಯಸ್ಸಿಗೆ. 1854ರ ಜುಲೈ 6ರಂದು ತೀರಿಕೊಂಡ. ಬಯಸಿದ ಕುರ್ಚಿಯಲ್ಲಿ ಕುಳಿತದ್ದು ಎರಡು ವರ್ಷ.

1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ರೋಧದ ಮಾನಕ್ಕೆ ಅವನ ಹೆಸರನ್ನು ಒಪ್ಪಿತು. ಮರುವರ್ಷ ಡಿಸೆಂಬರ್‌ನಲ್ಲಿ ಎಡಿಸನ್ನನ ಸಹವರ್ತಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬುಗಳನ್ನು ಹಾಕಿ ಬೆಳಗಿಸಿದ. ಕ್ರಿಸ್‌ಮಸ್ ಮರಕ್ಕೆ ವಿದ್ಯುತ್ ದೀಪ ಹಾಕುವುದು ಅಲ್ಲಿಂದ ಶುರುವಾಯಿತು. ಓಮ್ ಒಂದು ಬಲ್ಬನ್ನೂ ನೋಡಿದವನಲ್ಲ.

ನನ್ನ ಸೆಟ್ಟು ಹನ್ನೆರಡನೆಯ ದಿನಕ್ಕೆ ಉರಿಯಿತು. ಮಂದ ಹಳದಿ ಬೆಳಕು. ಮಾಮ ಎರಡು ಗಂಟೆ ಹಾಗೇ ಬಿಟ್ಟು, ಒಂದೊಂದು ಬಲ್ಬನ್ನೂ ಬೆರಳಿನಿಂದ ಮುಟ್ಟಿ ಬಿಸಿ ನೋಡಿ, ಸುರುಳಿ ಸುತ್ತಿ ಬಾಡಿಗೆಯ ಕಪಾಟಿನಲ್ಲಿಟ್ಟರು. ಮದ್ರಸದ ಗೇಟಿಗೆ ಅದು ಹೋಗುವುದು ಇನ್ನು ಮುಂದಿನ ಮೀಲಾದ್‌ಗೆ. ಸುಟ್ಟ ಬಲ್ಬುಗಳು ಬೆಂಕಿಪೊಟ್ಟಣದಲ್ಲಿ ನನ್ನ ಹತ್ತಿರ ಇವೆ.

ಆ ಶುಕ್ರವಾರ ಉಪ್ಪ ಫೋನ್ ಮಾಡಿದಾಗ ಉಮ್ಮ ವಿಷಯ ಹೇಳಿಬಿಟ್ಟರು, ಸುಟ್ಟದ್ದನ್ನೂ ಸೇರಿಸಿ. ಉಪ್ಪ ನನ್ನ ಕೈಗೆ ಫೋನ್ ಕೊಡಿಸಿ ನಾನು ಲೆಕ್ಕ ಮಾಡಿದ ಪುಟದ ಫೋಟೋ ಕಳಿಸಲು ಹೇಳಿದರು. ಕಳಿಸಿದೆ. ಅರ್ಧ ಗಂಟೆ ಉತ್ತರವಿಲ್ಲ. ಆಮೇಲೆ ಅವರೇ ಮತ್ತೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. ಸೆಟ್ಟಿನ ಮೊದಲಿಗೆ ಕೆಂಪು ತುದಿಯ ಒಂದು ಬಲ್ಬು ಇರುತ್ತದೆ. ಅದರೊಳಗಿನ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕ ಬಿಡುತ್ತದೆ, ತಣಿದು ಮತ್ತೆ ಸೇರುತ್ತದೆ, ಅದರಿಂದಲೇ ಸಾಲು ಮಿಣುಕುವುದು. ಅದು ಈ 40ರ ಒಳಗಿನದೋ, 41ನೆಯದೋ? ಅದರ ರೋಧ ಎಷ್ಟು ಹಿಡಿದಿದ್ದೀಯಾ ಎಂದು. ನಾನು ಅದನ್ನು ಎಣಿಸಿಯೇ ಇರಲಿಲ್ಲ. ಮಾಮನ ಕಪಾಟಿನ ಕೀ ಭಾನುವಾರ ಸಿಗುತ್ತದೆ. ಅಳೆದು ರಾತ್ರಿ ಹೇಳುತ್ತೇನೆ ಎಂದಿದ್ದೇನೆ.